ನಲವತ್ತೊಂದನೆಯ ನಾಣ್ಯದ ನೂಲು

ಕಮಲಾಕ್ಷ ಆಚಾರ್ಯರ ಕಣ್ಣಿಗೆ ಬಿದ್ದ ಮೇಲೆ ಕುಂದಿದ್ದ ಯಾವ ನಾಣ್ಯಕ್ಕೂ ಉಳಿಗಾಲವಿರಲಿಲ್ಲ. ಎರ್ನಾಕುಲಂನ ಕಲೂರಿನಲ್ಲಿ ಅವರು ಕೆಲಸಕ್ಕಿದ್ದ ಟಂಕಸಾಲೆಯನ್ನು ಟಂಕಸಾಲೆ ಎನ್ನುವುದೇ ದೊಡ್ಡ ಮಾತು. ಒಂದು ಹೆಂಚಿನ ಶೆಡ್ಡು, ಅಚ್ಚೊತ್ತುವ ಒಂದು ಯಂತ್ರ, ಒಂದು ಕುಲುಮೆ, ಏಳು ಜನ, ಅಷ್ಟೆ. ಸಂಘ ಸಂಸ್ಥೆಗಳ ಉತ್ಸವಕ್ಕೆಂದು ಪರವಾನಗಿ ಪಡೆದು ನೆನಪಿನ ಚಿನ್ನದ ನಾಣ್ಯ ಒತ್ತಿಕೊಡುವುದು ಅಲ್ಲಿಯ ಕಸುಬು. ಪ್ರೂಫ್ ನಾಣ್ಯ ಎನ್ನುತ್ತಾರೆ ಅದಕ್ಕೆ. ಚಲಾವಣೆಗಲ್ಲ, ಮಖಮಲ್ಲಿನ ಡಬ್ಬಿಯಲ್ಲಿಟ್ಟು ನೋಡುವುದಕ್ಕೆ. ಬಯಲು ಭಾಗ ಕನ್ನಡಿಯ ಹಾಗೆ ಹೊಳೆಯಬೇಕು, ಚಿತ್ರ ಮಾತ್ರ ಮಬ್ಬಾಗಿ ಎದ್ದು ನಿಲ್ಲಬೇಕು. ಅಚ್ಚಿನ ಮೇಲೆ ಧೂಳು ಕೂತರೆ ನಾಣ್ಯದಲ್ಲಿ ಗುಳಿ ಬೀಳುತ್ತದೆ. ಬೆರಳು ತಾಗಿದರೆ ಆರು ತಿಂಗಳ ಮೇಲೆ ಬೆರಳಿನ ಗುರುತು ಕಂದು ಬಣ್ಣದಲ್ಲಿ ಏಳುತ್ತದೆ. ತಾಮ್ರ ಸರಿಯಾಗಿ ಬೆರೆಯದಿದ್ದರೆ ವರ್ಷ ಕಳೆದ ಮೇಲೆ ಕೆಂಪು ಚುಕ್ಕೆ. ಭೂತಗನ್ನಡಿ ಹಿಡಿದು ಇಂಥವನ್ನೆಲ್ಲ ಹುಡುಕಿ, ಕುಂದಿದ್ದದ್ದನ್ನು ಮೂಸೆಗೆ ಹಾಕಿ ಕರಗಿಸುವುದು ಆಚಾರ್ಯರ ಕೆಲಸ.

ಪುತ್ತೂರಿನ ಕಡೆಯ ಅಕ್ಕಸಾಲಿಗರು ಅವರು. ಸಾವಿರದ ಒಂಬೈನೂರ ಅರವತ್ತಮೂರರಲ್ಲಿ ಹದಿನಾಲ್ಕು ಕ್ಯಾರೆಟ್ಟಿಗಿಂತ ಮೇಲಿನ ಒಡವೆ ಮಾಡಕೂಡದೆಂದು ಸರ್ಕಾರದ ಅಪ್ಪಣೆಯಾಯಿತು. ಅಂಥ ಕಳಪೆ ಚಿನ್ನಕ್ಕೆ ಊರಿನ ಹೆಂಗಸರು ಮೂಗು ಮುರಿದರು, ಮನೆಯ ಕುಲುಮೆ ತಣ್ಣಗಾಯಿತು. ಹೆಂಡತಿ ದಾಕ್ಷಾಯಣಿಯನ್ನು ಕರೆದುಕೊಂಡು ಎರ್ನಾಕುಲಂ ರೈಲು ಹತ್ತಿದರು. ಮಕ್ಕಳಿರಲಿಲ್ಲ. ಒಬ್ಬರಿಗೊಬ್ಬರು ಅಂತ ಇದ್ದವರು ಇಬ್ಬರೇ.

ಕೆಲಸಕ್ಕೆ ಬೇಕಾದ ಬಟ್ಟೆ ಒದಗಿಸುವವಳು ದಾಕ್ಷಾಯಣಿ. ಅಚ್ಚು ಒರಸುವುದಕ್ಕೆ ಗಂಜಿ ಹಾಕಿದ ಹೊಸ ಬಟ್ಟೆ ನಡೆಯುವುದಿಲ್ಲ, ವರ್ಷಗಟ್ಟಲೆ ಉಟ್ಟು ಒಗೆದು ಮೆತ್ತಗಾದ ಹತ್ತಿ ಸೀರೆಯೇ ಆಗಬೇಕು. ಅವಳು ತನ್ನ ಹಳೆಯ ಸೀರೆಗಳನ್ನು ಕುದಿಸಿ, ಒಲೆಯ ಹೊಗೆ ತಾಗದ ಕಡೆ ಒಣಗಿಸಿ, ಅಂಗೈಯಗಲಕ್ಕೆ ಹರಿದು, ಅಂಚಿನ ಬಿಡಿ ನೂಲುಗಳನ್ನು ಒಂದೊಂದಾಗಿ ಕಿತ್ತು ಕೊಡುತ್ತಿದ್ದಳು.

"ನನ್ನ ಸೀರೆ ನಿಮ್ಮ ಚಿನ್ನಕ್ಕೆ. ನನ್ನ ಕುತ್ತಿಗೆಗೆ ಮಾತ್ರ ಬರೀ ಕರಿಮಣಿ," ಎಂದು ನಗುತ್ತಿದ್ದಳು.

ಆಚಾರ್ಯರಿಗೆ ಒಂದು ಬಿಗುಮಾನವಿತ್ತು. ಗಿರಾಕಿಗಳು ಹಿಂದಕ್ಕೆ ಕಳಿಸಿದ ನಾಣ್ಯವನ್ನು ಅವರು ಬಿಚ್ಚಿ ನೋಡುತ್ತಿರಲಿಲ್ಲ. ವರ್ಷಕ್ಕೆ ಎರಡೋ ಮೂರೋ ಬರುತ್ತಿದ್ದವು. ಯಜಮಾನ ರಾಮದಾಸ ಶೆಣೈ ತೂಕ ಮಾಡಿ ಪೊಟ್ಟಣ ಕಟ್ಟಿ ಕೊಡುತ್ತಿದ್ದರು, ಆಚಾರ್ಯರು ಕಾಗದ ಸಮೇತ ಮೂಸೆಗೆ ಹಾಕುತ್ತಿದ್ದರು.

"ಒಮ್ಮೆ ನೋಡಿ ಆಚಾರ್ರೆ, ತಪ್ಪು ಎಲ್ಲಿ ಅಂತ ಗೊತ್ತಾಗ್ತದೆ," ಎಂದು ಶೆಣೈ ಹೇಳಿ ಸೋತಿದ್ದರು.

"ಸತ್ತದ್ದರ ಮುಖ ಎಂತಕ್ಕೆ ನೋಡುವುದು ಮಾರಾಯ್ರೆ," ಎನ್ನುತ್ತಿದ್ದರು ಇವರು. ಸೋಲನ್ನು ಕಣ್ಣಾರೆ ನೋಡುವ ಎದೆ ಇರಲಿಲ್ಲ ಅನ್ನಿ.

ಅರವತ್ತೊಂಬತ್ತರ ಮಳೆಗಾಲದಲ್ಲಿ ದಾಕ್ಷಾಯಣಿಗೆ ಕಾಮಾಲೆಯಾಯಿತು. ಹನ್ನೊಂದು ದಿನ ಮಲಗಿದ್ದಳು, ಹನ್ನೆರಡನೆಯ ದಿನ ಇರಲಿಲ್ಲ. ಕ್ರಿಯೆಯೆಲ್ಲ ಮುಗಿಸಿ ಕೆಲಸಕ್ಕೆ ಹೊರಟ ಆಚಾರ್ಯರು ಚಾಪೆಯ ಬದಿಯಲ್ಲಿದ್ದ ಬಟ್ಟೆಯ ಕಟ್ಟನ್ನು ಎತ್ತಿಕೊಂಡು ಹೋದರು. ಜ್ವರದಲ್ಲೇ ಹರಿದಿಟ್ಟಿದ್ದ ತುಂಡುಗಳು ಅವು. ಅಂಚಿನ ನೂಲು ಕೀಳುವಷ್ಟು ತ್ರಾಣ ಅವಳಿಗೆ ಇರಲಿಲ್ಲ.

ಆ ವಾರ ಒಂದು ವರ್ತಕರ ಸಂಘದ ಶತಮಾನೋತ್ಸವಕ್ಕೆ ಹಾಯಿಹಡಗಿನ ನಾಣ್ಯ ಒತ್ತುತ್ತಿದ್ದರು. ಭೂತಗನ್ನಡಿಯ ಕೆಳಗೆ ಒಂದು ನಾಣ್ಯ ಬಂತು. ಹಾಯಿಯ ಬುಡದಿಂದ ನೀರಿನ ತನಕ ಬಾಗಿದ ಸಣ್ಣದೊಂದು ಗೆರೆ. ಅಚ್ಚಿಗೆ ಅಂಟಿದ್ದ ನೂಲಿನ ಗುರುತು. ನೂಲಿನ ಹುರಿ ಸಹ ಚಿನ್ನದಲ್ಲಿ ಎಣಿಸುವ ಹಾಗೆ ಮೂಡಿತ್ತು. ಅವಳು ಕೀಳದೆ ಬಿಟ್ಟ ನೂಲು.

ಮೂಸೆಗೆ ಹಾಕಬೇಕಾಗಿತ್ತು. ಸ್ಮಶಾನದಲ್ಲಿ ಒಮ್ಮೆ ಮಾಡಿದ್ದನ್ನು ಇನ್ನೊಮ್ಮೆ ಮಾಡಲು ಅವರ ಕೈ ಬರಲಿಲ್ಲ. ಕೊಂಡು ಇಟ್ಟುಕೊಳ್ಳುವ ಶಕ್ತಿಯೂ ಇರಲಿಲ್ಲ. ಹೊರಗೆ ಹೋದರೆ ಯಾರೋ ಒಬ್ಬ ಸಂಗ್ರಹಕಾರನ ಮನೆಯಲ್ಲಿ, ಬೆರಳೂ ತಾಗದ ಹಾಗೆ ಜೋಪಾನವಾಗಿ ಇರುತ್ತದಲ್ಲ ಎಂದುಕೊಂಡರು. ಜೀವಮಾನದಲ್ಲಿ ಮೊದಲ ಸಲ ಕುಂದಿದ್ದ ನಾಣ್ಯವೊಂದನ್ನು ಪಾಸು ಮಾಡಿ, ನಲವತ್ತೊಂದನೆಯ ನಂಬರಿನ ಡಬ್ಬಿಯಲ್ಲಿಟ್ಟು ಮುಚ್ಚಿದರು.

ರಿಜಿಸ್ಟರಿನಲ್ಲಿ ಆ ನಂಬರಿನ ಎದುರು ಯಜ್ಞನಾರಾಯಣ ರಾವ್, ಬ್ಯಾಂಕ್ ಅಧಿಕಾರಿ, ಉಳ್ಳೂರು, ತಿರುವನಂತಪುರ ಎಂದು ಬರೆದಿತ್ತು. ಕನ್ನಡದವರ ಮನೆ ಸೇರಿತೆಂದು ಆಚಾರ್ಯರಿಗೆ ಇನ್ನಷ್ಟು ಸಮಾಧಾನ. ನಾಣ್ಯ ಹಿಂದಿರುಗಿಸಿ ಹಣ ಪಡೆದವರ ಹೆಸರಿಗೆ ಶೆಣೈ ಕೆಂಪು ಗೆರೆ ಎಳೆಯುವ ಕ್ರಮವಿತ್ತು. ಪೊಟ್ಟಣ ಬಂದಾಗಲೆಲ್ಲ ಆಚಾರ್ಯರು ಮೊದಲು ಹೋಗಿ ರಿಜಿಸ್ಟರ್ ತೆರೆಯುತ್ತಿದ್ದರು. ನಲವತ್ತೊಂದಕ್ಕೆ ಗೆರೆ ಬಿದ್ದಿಲ್ಲವೆಂದು ಕಂಡ ಮೇಲೆ ಪೊಟ್ಟಣವನ್ನು ನೆಮ್ಮದಿಯಿಂದ ಕುಲುಮೆಗೆ ಒಯ್ಯುತ್ತಿದ್ದರು. ಹೀಗೆ ಎಂಟು ವರ್ಷ ಕಳೆಯಿತು. ಒಂಟಿ ಅನ್ನ ಬೇಯಿಸಿಕೊಂಡು ಉಣ್ಣುವಾಗ ಆ ನೂಲೊಂದು ತಿರುವನಂತಪುರದಲ್ಲಿದೆ ಎಂಬುದೇ ಅವರಿಗೆ ಆಸರೆ.

ಎಪ್ಪತ್ತೇಳರಲ್ಲಿ ಕಣ್ಣಿಗೆ ಪೊರೆ ಶುರುವಾಯಿತು. ಕೆಲಸ ಬಿಟ್ಟರು. ಪೂರ್ತಿ ಕಾಣದಾಗುವ ಮೊದಲು ಅದನ್ನೊಮ್ಮೆ ನೋಡಬೇಕೆಂದು ಒಂದು ಬೆಳಿಗ್ಗೆ ಬಸ್ಸು ಹತ್ತಿದರು. ತಿರುವನಂತಪುರದ ತಂಬಾನೂರಿನಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು, ಉಳ್ಳೂರಿನಲ್ಲಿ ಕೇಳುತ್ತ ಕೇಳುತ್ತ ಮನೆ ಸೇರಿದರು.

ಯಜ್ಞನಾರಾಯಣ ರಾಯರು ಮೈಸೂರಿನವರು, ಒಳ್ಳೆಯವರು. "ನೀವು ಮಾಡಿದ ನಾಣ್ಯ ನೋಡೋಕೆ ಅಷ್ಟು ದೂರದಿಂದ ಬಂದ್ರಾ? ಕೂತ್ಕೊಳ್ಳಿ, ಕಾಫಿ ತಗೊಳ್ಳಿ," ಎಂದು ಬೀರುವಿನಿಂದ ಡಬ್ಬಿ ತಂದು ಕೊಟ್ಟರು. ಮುಚ್ಚಳದ ಮೇಲೆ ನಲವತ್ತೊಂದು ಎಂದೇ ಇತ್ತು. ಆಚಾರ್ಯರು ಕಿಸೆಯಿಂದ ಭೂತಗನ್ನಡಿ ತೆಗೆದರು. ಹಡಗು ಇತ್ತು, ಹಾಯಿ ಇತ್ತು. ಕಿಟಕಿಯ ಬೆಳಕಿಗೆ ಹಿಡಿದು ವಾಲಿಸಿ ನೋಡಿದರು. ಪೊರೆಯ ದೋಷವೇನೋ ಎಂದು ಮತ್ತೊಂದು ಕಣ್ಣಿನಲ್ಲಿ ನೋಡಿದರು.

"ಇಲ್ಲೊಂದು ಗೆರೆ ಇತ್ತಲ್ಲ ರಾಯರೆ," ಎಂದರು.

"ಓ, ಅದಾ. ಮೊದಲು ಬಂದಿದ್ದರಲ್ಲಿ ಇತ್ತು. ಡಬ್ಬಿ ನನ್ನ ಹತ್ರಾನೇ ಇಟ್ಕೊಂಡು ನಾಣ್ಯ ಮಾತ್ರ ವಾಪಸ್ ಕಳಿಸ್ದೆ. ದುಡ್ಡು ಬೇಡ, ಸರಿಯಾಗಿರೋದು ಇನ್ನೊಂದು ಕೊಡಿ ಅಂದೆ. ನಿಮ್ಮ ಯಜಮಾನರು ದೊಡ್ಡ ಮನುಷ್ಯರು ಕಣ್ರೀ. ತಕ್ಷಣ ಕಳಿಸಿ ಒಂದು ಕಾಗದಾನೂ ಬರೆದಿದ್ರು. ನಾಣ್ಯ ಪರೀಕ್ಷೆ ಮಾಡೋರು ಒಬ್ಬರು ಈಚೆಗೆ ಹೆಂಡತೀನ ಕಳ್ಕೊಂಡಿದ್ದಾರೆ, ಗೊತ್ತಾದ್ರೆ ನೊಂದ್ಕೋತಾರೆ, ಅವರಿಗೆ ಹೇಳದೆ ಬದಲಾಯಿಸಿದೀನಿ ಅಂತ."

ಹಣ ವಾಪಸಾಗದ್ದರಿಂದ ಕೆಂಪು ಗೆರೆ ಬಿದ್ದಿರಲಿಲ್ಲ. ದಾಕ್ಷಾಯಣಿ ತೀರಿಕೊಂಡ ವರ್ಷ ಬಂದಿದ್ದ ಪೊಟ್ಟಣಗಳು ಮೂರು. ಮೂರನ್ನೂ ಅವರೇ, ಬಿಚ್ಚದೆ, ಮೂಸೆಗೆ ಹಾಕಿದ್ದರು. ಅವಳು ಯಾವುದರಲ್ಲಿದ್ದಳೋ, ಅದೂ ತಿಳಿಯದು. ದುಃಖವೆಂದರೆ ಏನೆಂದು ಆಚಾರ್ಯರಿಗೆ ಎಂಟು ವರ್ಷಗಳ ಹಿಂದೆ ಗೊತ್ತಾಗಿತ್ತು. ಈಗ ಅದು ಪೂರ್ತಿ ಗೊತ್ತಾಯಿತು.

"ಇದು ಸರಿಯಾಗಿದೆ ತಾನೆ? ನೀವೇ ಹೇಳ್ಬೇಕು," ಎಂದರು ರಾಯರು.

"ಸರಿ ಉಂಟು ರಾಯರೆ. ಎಂತ ಕುಂದೂ ಇಲ್ಲ," ಎಂದರು ಆಚಾರ್ಯರು. ಭೂತಗನ್ನಡಿಯನ್ನು ಮಾತ್ರ ಬಹಳ ಹೊತ್ತು ಕೆಳಗಿಳಿಸಲಿಲ್ಲ. ಇಳಿಸಿದರೆ ರಾಯರಿಗೆ ಅವರ ಕಣ್ಣು ಕಾಣುತ್ತಿತ್ತು.