ನಾನೂರ ಹತ್ತು ದಿಮ್ಮಿ ದೂರದ ಬಾವಿ

ಬೆಳಗಿನ ಐದೂವರೆ. ಹುಲ್ಲಿನ ಮೇಲೆ ಇನ್ನೂ ಇಬ್ಬನಿ ಕೂತಿದೆ. ಪುರಸಭೆಯ ತೋಟದ ಹಿಂಬಾಗಿಲಿನ ಚಿಲಕ ತೆಗೆದು ಒಳಬರುವ ಅರವತ್ತಾರರ ಹೆಂಗಸು ಮೊದಲು ಚಪ್ಪಲಿ ಬಿಡುತ್ತಾರೆ. ಬರಿಗಾಲಲ್ಲಿ ಹತ್ತು ಹೆಜ್ಜೆ ನಡೆದು, ನಿಂತು, ಹೆಬ್ಬೆರಳಿನಿಂದ ನೆಲ ಒತ್ತಿ ನೋಡುತ್ತಾರೆ. ಆಮೇಲೆ ಕುಕ್ಕರುಗಾಲಲ್ಲಿ ಕೂತು ಕುಡುಗೋಲು ಆಡಿಸಲು ಶುರು. ಹುಲ್ಲು ಕತ್ತರಿಸುವ ಯಂತ್ರವೇನೋ ಇದೆ, ಆದರೆ ಸುತ್ತಲಿನ ಮನೆಯವರು ಏಳುವ ತನಕ ಅದನ್ನು ಚಾಲೂ ಮಾಡುವುದಿಲ್ಲ. "ಮಲ್ಕೊಳ್ಲಿ ಪಾಪ. ಹೇಗೂ ಗೋಡೆ ಅಂಚಿಗೆ ಯಂತ್ರ ಬಗ್ಗಲ್ಲ, ಕೈಯಲ್ಲೇ ಕೊಯ್ಬೇಕು," ಎನ್ನುತ್ತಾರೆ.

ಗೋಡೆಯೇ? ಕಣ್ಣು ಹಾಯುವಷ್ಟು ದೂರ ಒಂದು ಇಟ್ಟಿಗೆಯೂ ಕಾಣುವುದಿಲ್ಲ. ಸ್ವಲ್ಪ ಬೆಳಕು ಹರಿಯಲಿ, ಏರು ಹತ್ತಿ ನೋಡಿ, ಆಗ ಗೊತ್ತಾಗುತ್ತದೆ. ಗೋಡೆಯಿದ್ದಲ್ಲಿ ಹುಲ್ಲು ನಾಲ್ಕು ಬೆರಳು ಎತ್ತರ, ಕೋಣೆಯಿದ್ದಲ್ಲಿ ನುಣ್ಣಗೆ ಬೋಳಿಸಿದ ಹಾಗೆ. ಹಜಾರ, ಅಡುಗೆಮನೆ, ಮೆಟ್ಟಿಲ ಕೋಣೆ, ಎಲ್ಲ ಒಂದೊಂದಾಗಿ ಎದ್ದು ಕಾಣುತ್ತವೆ. ಐವತ್ತೇಳು ವರ್ಷದ ಹಿಂದೆ ಬಾಗಿಲು ಹಾಕಿದ ಒಂದು ದೊಡ್ಡ ಎಸ್ಟೇಟನ್ನು ಈಕೆ ದಿನವೂ ಹುಲ್ಲಿನಲ್ಲಿ ಕಟ್ಟಿ ನಿಲ್ಲಿಸುತ್ತಾರೆ. ವಾಯುವಿಹಾರಕ್ಕೆ ಬಂದವರೊಬ್ಬರು ಅಡ್ಡಹಾದು ಬಂದರೆ ಕೂತಲ್ಲಿಂದಲೇ ಗದರುತ್ತಾರೆ: "ಅಯ್ಯೋ ಸ್ವಾಮಿ, ಗೋಡೆ ತೂರ್ಕೊಂಡು ಬರ್ತೀರಲ್ಲ! ಬಾಗಿಲು ಆ ಕಡೆ ಇದೆ." ಆ ಮನುಷ್ಯ ಸುತ್ತು ಹಾಕಿ ಬಾಗಿಲಿನಿಂದ ಬರುತ್ತಾರೆ.

ಊರವರ ಬಾಯಲ್ಲಿ ಈಕೆ ಹುಲ್ಲಕ್ಕ. ಪುರಸಭೆಯ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿರಬಹುದು, ಅದನ್ನು ಕರೆದರೆ ಈಕೆ ತಿರುಗಿ ನೋಡುವುದೇ ಅನುಮಾನ. ಮೂವತ್ತೊಂದು ವರ್ಷದ ಕೆಲಸ, ಅದರಲ್ಲಿ ಹತ್ತೊಂಬತ್ತು ವರ್ಷ ದಿನಗೂಲಿ, ನಿವೃತ್ತಿಯಾದ ಮೇಲೂ ಗುತ್ತಿಗೆಯಲ್ಲಿ ಅದೇ ಕೆಲಸ. ಹದಿನಾಲ್ಕು ಎಕರೆ. ಯಂತ್ರದ ಹಿಂದೆ ದಿನಕ್ಕೆ ಒಂಬತ್ತು ಕಿಲೋಮೀಟರ್ ನಡಿಗೆ, ಮೂರು ಗಂಟೆಗೊಮ್ಮೆ ಅಲಗು ಮಸೆಯುವುದು, ಇಪ್ಪತ್ತಮೂರು ಕಟ್ಟಡಗಳ ಅಂಚು ಸರಿಮಾಡುವುದು. ಯಂತ್ರದ ಗದ್ದಲಕ್ಕೆ ಎಡಗಿವಿ ಮಂದವಾಗಿದೆ. "ಬೈಯೋರೆಲ್ಲ ಎಡಗಡೆ ಬನ್ನಿ ಅಂತೀನಿ," ಎಂದು ನಗುತ್ತಾರೆ. ಗಂಡ ತೀರಿಕೊಂಡ ಮೂರನೆಯ ವಾರಕ್ಕೇ ಕುಡುಗೋಲು ಹಿಡಿದು ಇಲ್ಲಿಗೆ ಬಂದವರು, ಆ ಮಾತನ್ನು ಮಾತ್ರ ಹೆಚ್ಚು ಬೆಳೆಸುವುದಿಲ್ಲ.

ಕಟ್ಟಡಗಳ ಗುರುತು ಸಿಕ್ಕಿದ್ದು ಹೇಗೆ? ಕೆಲವನ್ನು ಕಣ್ಣಾರೆ ಕಂಡವರು, ಉಳಿದದ್ದನ್ನು ಹುಲ್ಲೇ ಹೇಳುತ್ತದಂತೆ. ಬೇಸಿಗೆಯಲ್ಲಿ ಅಡಿಪಾಯದ ಮೇಲಿನ ಹುಲ್ಲು ಮೊದಲು ಹಳದಿಯಾಗುತ್ತದೆ, ಹಳೆಯ ಚರಂಡಿಯ ಮೇಲಿನದು ಕೊನೆಯ ತನಕ ಹಸಿರು. ಎರಡು ಬೇಸಿಗೆ ನೋಡಿ, ಮೂರನೆಯದರಲ್ಲಿ ಗೂಟ ಹೊಡೆಯುವುದು ಇವರ ಪದ್ಧತಿ.

ಎಸ್ಟೇಟಿಗೆ ತನ್ನದೇ ಆದ ಪುಟ್ಟ ರೈಲಿತ್ತು. ಕಲ್ಲಿದ್ದಲು, ಸಾಮಾನು, ಆಗೊಮ್ಮೆ ಈಗೊಮ್ಮೆ ಹ್ಯಾಟು ಹಾಕಿದ ನೆಂಟರು, ಎಲ್ಲರೂ ಅದರಲ್ಲೇ ಬರುತ್ತಿದ್ದರು. ಹುಲ್ಲಕ್ಕನ ಅಪ್ಪ ಆ ಹಳಿ ನೋಡಿಕೊಳ್ಳುವ ಗ್ಯಾಂಗಿನವರು. ಮಗಳಿಗೆ ಒಂಬತ್ತು ವರ್ಷವಾದಾಗ ರೈಲು ನಿಂತಿತು, ಎಸ್ಟೇಟೂ ಮುಚ್ಚಿತು. ಎರಡೇ ವರ್ಷದಲ್ಲಿ ಹೆಂಚು, ಬಾಗಿಲು, ಹಳಿ, ಕೊನೆಗೆ ಗೋಡೆಯ ಕಲ್ಲು ಕೂಡ ಮಾರಾಟವಾಗಿ ಹೋದವು. ಹಳಿ ಹಾದುಹೋಗಿದ್ದ ದಾರಿ ಈಗ ನಡಿಗೆಯ ಹಾದಿ. ಸ್ಟೇಷನ್ನಿನ ಕಟ್ಟೆಯ ಒಂದು ಕಲ್ಲಂಚು ಮಾತ್ರ ಹಾಗೇ ಉಳಿದಿದೆ.

ಆಗಿನವರಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಎಸ್ಟೇಟಿನಲ್ಲಿ ಯಾರೂ ದೂರವನ್ನು ಅಡಿ, ಗಜದಲ್ಲಿ ಹೇಳುತ್ತಿರಲಿಲ್ಲ. ಹಳಿಯ ಕೆಳಗೆ ಅಡ್ಡಡ್ಡ ಹಾಸಿದ ಮರದ ದಿಮ್ಮಿಗಳ ಲೆಕ್ಕವೇ ಅವರ ಲೆಕ್ಕ. ಸ್ಟೇಷನ್ ಕಟ್ಟೆಯಿಂದ ಕುದುರೆ ಲಾಯಕ್ಕೆ ನೂರ ಅರವತ್ತು ದಿಮ್ಮಿ. ಮಾಲೀಕರ ದೊಡ್ಡಮನೆಯ ಬಟ್ಟೆ ಒಗೆದು ಇಸ್ತ್ರಿ ಮಾಡುವ ಬಟ್ಟೆಮನೆ ಹಳಿಯ ಪಕ್ಕದಲ್ಲೇ ಇತ್ತು, ಅದರ ಬಾವಿಗೆ ನಾನೂರ ಹತ್ತು ದಿಮ್ಮಿ. "ಎರಡಡಿಗೊಂದು ದಿಮ್ಮಿ ಅಂತ ಅಪ್ಪ ಹೇಳಿಕೊಟ್ಟಿದ್ರು. ಮಗ್ಗಿಗಿಂತ ಮೊದಲು ಅದನ್ನೇ ಕಲ್ತಿದ್ದು," ಎನ್ನುತ್ತಾರೆ ಹುಲ್ಲಕ್ಕ.

ಆ ಬಾವಿಯ ಕಥೆಯೇ ಈ ಬರಹಕ್ಕೆ ಕಾರಣ. ಎಲ್ಲ ಮಾರಿ ಮುಗಿಸಿದ ಗುತ್ತಿಗೆದಾರನಿಗೆ ಹೊರಡುವ ಆತುರ. ಬಾವಿಯನ್ನು ತುಂಬಿಸಲಿಲ್ಲ. ಬಾಯಿಗೆ ಅಡ್ಡ ಹಲಗೆ ಹಾಕಿಸಿ, ಹಳಿಯ ಏರಿಯ ಮಣ್ಣು ತಂದು ಸುರಿಸಿ, ಬಟ್ಟೆಮನೆಯ ಜಾಗವನ್ನೆಲ್ಲ ಆಳೆತ್ತರಕ್ಕೆ ಮುಚ್ಚಿಸಿಬಿಟ್ಟ. ಅಪ್ಪ ಮಗಳ ಕೈ ಹಿಡಿದು ನಿಂತು ಹೇಳಿದ್ದರು: "ಹಲಗೆ ಎಷ್ಟು ದಿನ ತಡೀತದೆ ಮಗಾ? ಒಂದಿನ ಬಾಯಿ ತೆಗೀತದೆ. ಅಲ್ಲಿ ಯಾರನ್ನೂ ಓಡಾಡೋಕೆ ಬಿಡಬೇಡ." ಹನ್ನೊಂದು ವರ್ಷದ ಹುಡುಗಿ ಹೂಂ ಎಂದಿದ್ದಳು.

ಕೆಲಸಕ್ಕೆ ಸೇರಿದ ವಾರವೇ ಆಕೆ ಕಟ್ಟೆಯಿಂದ ಹಳಿಯ ಹಾದಿಗುಂಟ ಎಂಟುನೂರ ಇಪ್ಪತ್ತು ಅಡಿ ಅಳೆದರು. ಹೊಸ ಮಣ್ಣು ಬಿದ್ದ ಜಾಗವಾದ್ದರಿಂದ ಹುಲ್ಲು ಅಲ್ಲಿ ಏನೂ ಹೇಳುತ್ತಿರಲಿಲ್ಲ. ಅಳತೆಯನ್ನೇ ನಂಬಿ ಸುತ್ತ ಗೂಟ ಹೊಡೆದು, ಹನ್ನೆರಡಡಿ ಅಗಲದ ಒಂದು ದುಂಡು ಜಾಗವನ್ನು ಕೊಯ್ಯದೆ ಬಿಟ್ಟರು. ಮೊಣಕಾಲೆತ್ತರ ಹುಲ್ಲು ಬೆಳೆದು ಅದಕ್ಕೆ 'ಹುಲ್ಲಕ್ಕನ ಕಾಡು' ಎಂದೇ ಹೆಸರಾಯಿತು. ಚೆಂಡು ಒಳಗೆ ಬಿದ್ದರೆ ಮಕ್ಕಳು ಹೋಗಬಾರದು, ಅವರೇ ಉದ್ದನೆಯ ಕೋಲಿನಿಂದ ಎಳೆದುಕೊಡಬೇಕು. ಕಚೇರಿಯವರು ಎರಡು ಸಲ ನೋಟಿಸು ಕೊಟ್ಟರೂ ಕೊಯ್ಯಲಿಲ್ಲ.

ಹೋದ ತಿಂಗಳು ಅಲ್ಲಿ ಶಾಲೆಯ ಮಕ್ಕಳಿಗೆ ಆಟದ ಮೈದಾನ ಮಾಡುವುದೆಂದು ತೀರ್ಮಾನವಾಯಿತು. ಸೋಮವಾರ ಎಂಟು ಟನ್ನಿನ ರೋಲರ್ ಬರಬೇಕು. ಕಚೇರಿಯ ಹಳೆಯ ನಕ್ಷೆಯಲ್ಲಿ ಬಾವಿಯೇ ಇಲ್ಲ. ಆದರೂ ಹೊಸದಾಗಿ ಬಂದ ಇಂಜಿನಿಯರ್, ಇನ್ನೂ ಮೂವತ್ತು ದಾಟದ ಹೆಣ್ಣುಮಗಳು, ಹುಲ್ಲಕ್ಕನ ಮಾತನ್ನು ತಳ್ಳಿಹಾಕಲಿಲ್ಲ. "ಅಗೆದು ನೋಡೋಣ ಅಮ್ಮ. ಇದ್ರೆ ಮೈದಾನ ಪಕ್ಕಕ್ಕೆ ಸರಿಸ್ತೀವಿ," ಎಂದರು. ಗುರುವಾರ ಅಗೆದರು. ಆರು ಅಡಿ, ಎಂಟು ಅಡಿ, ಹತ್ತು ಅಡಿ. ಸುರಿದ ಮಣ್ಣು ಮುಗಿದು, ಯಾವ ಕಾಲದಲ್ಲೂ ಯಾರೂ ಮುಟ್ಟದ ಗಟ್ಟಿ ನೆಲ ಸಿಕ್ಕಿತು. ಹಲಗೆಯ ಚೂರಿಲ್ಲ, ಇಟ್ಟಿಗೆಯ ಚೂರಿಲ್ಲ.

"ಬೆಟ್ಟ ಅಗೆದ್ರೆ ಇಲಿಯಾದ್ರೂ ಸಿಗುತ್ತೆ. ಇಲ್ಲಿ ಅದೂ ಇಲ್ವಲ್ಲ ಹುಲ್ಲಕ್ಕ!" ಎಂದು ಮೇಸ್ತ್ರಿ ನಕ್ಕ. ಸುತ್ತ ನಿಂತವರೂ ನಕ್ಕರು. ಇಂಜಿನಿಯರ್ ನಗಲಿಲ್ಲ, "ಪರವಾಗಿಲ್ಲ ಅಮ್ಮ, ಬಿಡಿ," ಎಂದರು. ಆ 'ಬಿಡಿ' ಎಂಬುದೇ ಹೆಚ್ಚು ಚುಚ್ಚಿತು. "ನಗೋರು ನಗ್ಲಿ, ಅದಕ್ಕಲ್ಲ ನನಗೆ ಹೊಟ್ಟೆ ಉರಿದಿದ್ದು," ಎನ್ನುವಾಗ ಈಗಲೂ ಅವರ ದನಿ ಗಡುಸಾಗುತ್ತದೆ. "ಬಾವಿ ಇರೋದಂತೂ ಖಂಡಿತ. ಇಲ್ಲಿಲ್ಲ ಅಂದ್ರೆ ಇನ್ನೆಲ್ಲೋ ಇದೆ. ಸೋಮವಾರ ರೋಲರ್ ಹೋಗ್ಲಿ ಬಿಡ್ಲಿ, ಆಮೇಲೆ ಅದರ ಮೇಲೆ ಕುಣಿಯೋರು ಮಕ್ಕಳಲ್ವಾ?"

ಶುಕ್ರವಾರವೆಲ್ಲ ಕಟ್ಟೆಯಿಂದ ಮತ್ತೆ ಮತ್ತೆ ಅಳೆದರು. ನಾಲ್ಕು ಸಲವೂ ಟೇಪು ಅದೇ ಗುಂಡಿಗೆ ಬಂದು ನಿಂತಿತು. ಸಂಜೆ ಮನೆಗೆ ಹೋದವರು ಕಾಫಿಯನ್ನೂ ಮುಟ್ಟಲಿಲ್ಲ.

ಮನೆಯಲ್ಲಿರುವುದು ಇಬ್ಬರೇ. ಇವರು, ಮತ್ತೆ ಇವರಿಗಿಂತ ಹನ್ನೆರಡು ವರ್ಷ ದೊಡ್ಡವರಾದ ಅಕ್ಕ. ಎಸ್ಟೇಟಿನ ಬಟ್ಟೆಮನೆಯಲ್ಲಿ ಏಳು ವರ್ಷ ದುಡಿದ ಆ ಅಕ್ಕನನ್ನು ಊರು ಇಂದಿಗೂ ಇಸ್ತ್ರಿಯಮ್ಮ ಎಂದೇ ಕರೆಯುತ್ತದೆ. ಅಕ್ಕತಂಗಿಯರಿಗೆ ಒಂದೇ ಒಲೆ, ಒಂದೇ ಸೂರು. ಎಸ್ಟೇಟಿನ ಮಾತು ಮಾತ್ರ ನಿಂತು ನಲವತ್ತು ವರ್ಷವಾಗಿತ್ತು. ಕಾರಣ ಕೇಳಿದರೆ ನೀವು ನಗುತ್ತೀರಿ: ಬಟ್ಟೆಮನೆಗೆ ಎಂಟು ಕಿಟಕಿ ಎಂದು ಒಬ್ಬರು, ಒಂಬತ್ತು ಎಂದು ಇನ್ನೊಬ್ಬರು. ಆ ಜಗಳದ ಮೇಲೆ ಇಸ್ತ್ರಿಯಮ್ಮ ತೋಟದ ಕಡೆ ತಲೆಹಾಕಲೇ ಇಲ್ಲ. "ಇಲ್ಲದ ಮನೆ ನೋಡೋಕೆ ನಾನ್ಯಾಕೆ ಹೋಗ್ಲಿ?" ಎನ್ನುವುದು ಆಕೆಯ ವಾದ.

ಅವತ್ತು ತಂಗಿಯ ಮುಖ ನೋಡಿ ಆಕೆಯೇ ಬಾಯಿಬಿಟ್ಟರು. "ಏನೇ ಆಯ್ತು? ಬಾವಿ ಓಡಿಹೋಯ್ತಂತಲ್ಲ?"

"ಓಡಿಹೋಗೋಕೆ ಅದಕ್ಕೇನು ಕಾಲಿದ್ಯಾ? ಎಂಟುನೂರ ಇಪ್ಪತ್ತು ಅಡಿ, ಸರಿಯಾಗೇ ಅಳೆದಿದ್ದೀನಿ."

"ಅಡಿ ಯಾರೇ ಕೇಳಿದ್ರು? ನಾನೂರ ಹತ್ತು ದಿಮ್ಮಿ ಅದು."

"ಎರಡೂ ಒಂದೇ ಅಲ್ವಾ ಅಕ್ಕ? ಎರಡಡಿಗೊಂದು ದಿಮ್ಮಿ."

ಇಸ್ತ್ರಿಯಮ್ಮ ತಂಗಿಯತ್ತ ತಿರುಗಿ ಕೂತರು. "ಹಳಿ ತಿರುವಲ್ಲೂ ಎರಡಡಿಯೇನೇ? ನೀನು ಚಿಕ್ಕೋಳು, ಕುಣ್ಕೊಂಡು ಹೋಗ್ತಿದ್ದೆ, ನಿನಗೇನು ಗೊತ್ತಾಗ್ಬೇಕು. ತಲೆ ಮೇಲೆ ಒದ್ದೆ ಬಟ್ಟೆ ಬುಟ್ಟಿ ಹೊತ್ಕೊಂಡು ನಡೆದೋಳು ನಾನು. ತಿರುವು ಬಂತು ಅಂದ್ರೆ ಹೆಜ್ಜೆ ಚಿಕ್ಕದು ಮಾಡ್ಬೇಕಿತ್ತು. ಗಾಡಿ ವಾಲ್ತದೆ ಅಂತ ಅಲ್ಲಿ ದಿಮ್ಮೀನ ಒತ್ತೊತ್ತಾಗಿ ಹಾಕಿದ್ರು. ಒಂದೂವರೆ ಅಡಿ ಇದ್ರೆ ಹೆಚ್ಚು."

"ತಿರುವಲ್ಲಿ ಎಷ್ಟು ದಿಮ್ಮಿ ಇತ್ತು?"

"ನೂರಿಪ್ಪತ್ತು. ನಲವತ್ತಕ್ಕೊಂದು ಸಲ ಬುಟ್ಟಿ ಇಳಿಸ್ತಿದ್ದೆ. ಅಲ್ಲೇ ಮೂರು ಸಲ ಇಳಿಸ್ತಿದ್ದೆ."

ಹುಲ್ಲಕ್ಕ ಬೆರಳು ಮಡಚಿ ಲೆಕ್ಕ ಹಾಕಿದರು. ನೂರಿಪ್ಪತ್ತು ದಿಮ್ಮಿಗೆ ಅರ್ಧರ್ಧ ಅಡಿ ಕಡಿಮೆ. ಬಾವಿ ಅರವತ್ತು ಅಡಿ ಈಚೆಗಿದೆ. "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದ್ದಕ್ಕೆ ಅಕ್ಕ ಕೊಟ್ಟ ಉತ್ತರ: "ನೀನೆಲ್ಲಿ ಕೇಳ್ದೆ? ಹಿತ್ತಲ ಗಿಡ ಮದ್ದಲ್ಲ."

ಶನಿವಾರ ಬೆಳಿಗ್ಗೆ ತೋಟಕ್ಕೆ ಬಂದವರು ಕಂಡ ನೋಟವೇ ನೋಟ. ಹುಲ್ಲು ಸಾಗಿಸುವ ಒಂಟಿಚಕ್ರದ ಕೈಗಾಡಿಯಲ್ಲಿ ಗೋಣಿಚೀಲ ಹಾಸಿಕೊಂಡು ಎಪ್ಪತ್ತೆಂಟರ ಇಸ್ತ್ರಿಯಮ್ಮ ಆಸೀನರಾಗಿದ್ದಾರೆ, ಅರವತ್ತಾರರ ತಂಗಿ ತಳ್ಳುತ್ತಿದ್ದಾರೆ. "ಮೆಲ್ಲಗೆ ಹೋಗೇ, ನಾನೇನು ಹುಲ್ಲಾ?" ಎಂಬ ಬೈಗುಳ ದಾರಿಯುದ್ದಕ್ಕೂ ಕೇಳುತ್ತಿದೆ. ತಿರುವು ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಆಕೆ ಕೈ ತೋರಿಸಿದರು. ಇಂಜಿನಿಯರ್ ತಾವೇ ಟೇಪು ಹಿಡಿದು ಅಳೆದರು. ನೂರೆಂಬತ್ತು ಅಡಿ ಬಂತು, ಲೆಕ್ಕಕ್ಕೆ ಸರಿಯಾಗಿ.

ಕಟ್ಟೆಯಿಂದ ಏಳುನೂರ ಅರವತ್ತು ಅಡಿಗೆ ಟೇಪು ಬಂದು ನಿಂತ ಜಾಗ ನೋಡಿ ಹುಲ್ಲಕ್ಕ ಎರಡು ಹೆಜ್ಜೆ ಹಿಂದೆ ಸರಿದರು. ಬೇಲಿಯ ನೆರಳು ಬೀಳುವ ಆ ಜಾಗದಲ್ಲೇ ಅವರು ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿದ್ದದ್ದು, ಉಂಡು ಅರ್ಧ ಗಂಟೆ ಅಡ್ಡಾಗುತ್ತಿದ್ದದ್ದು. ಒಂದು ದಿನವಲ್ಲ, ಎರಡು ದಿನವಲ್ಲ. ತಮ್ಮ 'ಕಾಡಿ'ನಿಂದ ಓಡಿಸಿದ ಮಕ್ಕಳನ್ನು "ಅಲ್ಲಿ ಆಡ್ಕೊಳ್ಳಿ" ಎಂದು ಕಳಿಸುತ್ತಿದ್ದದ್ದೂ ಅಲ್ಲಿಗೇ.

ಸೊಂಟಕ್ಕೆ ಹಗ್ಗ ಕಟ್ಟಿಕೊಂಡ ಆಳುಗಳು ಹುಷಾರಾಗಿ ಅಗೆದರು. ಐದಡಿಗೆ ಹಲಗೆ ಸಿಕ್ಕಿತು. ಕೈಯಲ್ಲಿ ಹಿಡಿದರೆ ಪುಡಿಯಾಗುವಷ್ಟು ಲಡ್ಡಾಗಿತ್ತು. ಅದರ ಸುತ್ತ ಇಟ್ಟಿಗೆಯ ಬಳೆ. ಹಲಗೆಯ ಸಂದಿಯಿಂದ ಮೇಸ್ತ್ರಿ ಒಂದು ಕಲ್ಲು ಬಿಟ್ಟ. ಬಹಳ ಕೆಳಗೆ ಬುಳುಕ್ ಎಂದಿತು. ಮೇಸ್ತ್ರಿ ತಲೆಯ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ಹುಲ್ಲಕ್ಕ ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತರು. "ಅಪ್ಪನಿಗೆ ಹೂಂ ಅಂದಿದ್ದೆ ಅಕ್ಕ," ಎಂದರಂತೆ. ಗಾಡಿಯಲ್ಲಿದ್ದ ಅಕ್ಕ ಬಗ್ಗಿ ತಂಗಿಯ ತಲೆ ಸವರಿದರು.

ಸೋಮವಾರ ರೋಲರ್ ಬರಲಿಲ್ಲ. ಬಾವಿಯನ್ನು ತಳದಿಂದ ತುಂಬಿಸುವುದಕ್ಕೆ ಒಂಬತ್ತು ದಿನ ಹಿಡಿಯಿತು. ಮೈದಾನ ಈಗ ಆಚೆ ಬದಿಗೆ ಸರಿದಿದೆ, ಅಲ್ಲಿ ಇವತ್ತು ಮಕ್ಕಳ ಗಲಾಟೆ ಕೇಳಿಸುತ್ತಿದೆ.

ಕೈಗಾಡಿಯ ಸವಾರಿ ಮಾತ್ರ ನಿಂತಿಲ್ಲ. ವಾರಕ್ಕೆರಡು ಬೆಳಿಗ್ಗೆ ಇಸ್ತ್ರಿಯಮ್ಮನ ತಪಾಸಣೆ ಇರುತ್ತದೆ. ಇಪ್ಪತ್ತಮೂರು ಕಟ್ಟಡಗಳಲ್ಲಿ ಹನ್ನೊಂದು ಮುಗಿದಿವೆ. ಗಾಜಿನ ಮನೆಯ ಬಾಗಿಲು ಎರಡು ಗಜ ಪಕ್ಕಕ್ಕೆ ಹೋಗಿದೆ, ಲಾಯಕ್ಕೆ ಒಂದು ಕೋಣೆ ಹೆಚ್ಚಾಗಿದೆ. ಕಿಟಕಿಯ ಜಗಳ ಮಾತ್ರ ಇನ್ನೂ ಹಾಗೇ ಇದೆ, ಹುಲ್ಲಿನಲ್ಲಿ ಕಿಟಕಿ ಬೆಳೆಸುವುದು ಹೇಗೆಂದು ಇಬ್ಬರಿಗೂ ಗೊತ್ತಿಲ್ಲ.

ಬಾವಿಯ ಜಾಗದಲ್ಲಿ ಒಂದು ಫಲಕ ಹಾಕಿ ಹುಲ್ಲಕ್ಕನ ಹೆಸರು ಬರೆಸೋಣವೆಂದು ಕಚೇರಿಯವರು ಹೇಳಿದ್ದಾರೆ. ಈಕೆ ಬೇಡವೆಂದಿದ್ದಾರೆ. ಏನು ಆಸೆ ಎಂದು ಕೇಳಿದರೆ ಕುಡುಗೋಲು ಕೆಳಗಿಟ್ಟು, ಬಲಗಿವಿ ಇತ್ತ ತಿರುಗಿಸಿ, ಮುಖ ನೋಡಿ ಹೇಳುತ್ತಾರೆ:

"ಪೇಪರಿಗೆ ಬರೀತೀರಲ್ಲ, ಮೂವತ್ತೊಂದು ವರ್ಷ ನಾನು ತಪ್ಪು ಜಾಗ ಕಾಯ್ತಿದ್ದೆ ಅನ್ನೋದನ್ನೂ ಬರೀರಿ. ಮುಚ್ಚಿಡಬೇಡಿ. ಇವಳು ತಪ್ಪಿದ್ಳು, ತಿದ್ಕೊಂಡ್ಳು ಅಂತ ಗೊತ್ತಾದ್ರೆ, ಇವಳು ಹೇಳಿದ ಉಳಿದದ್ದನ್ನೂ ಜನ ನಂಬ್ತಾರೆ."