‘ಮಾಮೂಲು’ ಎಂಬ ಪದಕ್ಕಾಗಿ ಚಾಮರಾಜಪೇಟೆಗೆ

ಮೈಸೂರಿನಿಂದ ಬೆಳಗಿನ ರೈಲಿನಲ್ಲಿ ಹೊರಟಾಗ ನನ್ನ ಚೀಲದಲ್ಲಿದ್ದುದು ಒಂದು ಪಿಎಚ್.ಡಿ. ಪ್ರಬಂಧದ ಅಧ್ಯಾಯ. ಬರೆದವರು ಇನ್ಸ್‌ಪೆಕ್ಟರ್ ಶೈಲಜಾ, ನನ್ನ ಕೊನೆಯ ಸಂಶೋಧನಾ ವಿದ್ಯಾರ್ಥಿನಿ. ವಿಷಯ, ಹಳೆಯ ಬಡಾವಣೆಗಳ ಪೊಲೀಸ್ ಗಸ್ತು. ಕಾಫಿಪುಡಿ ವ್ಯಾಪಾರಿ ರುದ್ರಪ್ಪನವರ ಮಾತೊಂದನ್ನು ಅವರು ಉದ್ಧರಿಸಿದ್ದರು: “ಬೀಟಿನವ್ರು ಬಂದ್ರೆ ಮಾಮೂಲು ಕೊಡ್ತಿದ್ವಿ.” ಅದು ಲಂಚವೆಂದು ಅವರ ತೀರ್ಮಾನ. ಆಗ ಆ ಬೀದಿಯ ಗಸ್ತಿನಲ್ಲಿದ್ದವರಲ್ಲಿ ಶೈಲಜಾರ ದಿವಂಗತ ತಂದೆಯೂ ಒಬ್ಬರು. ಅದನ್ನೂ ಮುಚ್ಚಿಡದೆ ಬರೆದಿದ್ದರು. ವಾರಾಂತ್ಯಕ್ಕೆ ಪ್ರಬಂಧ ಸಲ್ಲಿಸಬೇಕಿತ್ತು.

ನನಗೆ ಅನುಮಾನವಿತ್ತು. ನಾನು ಚಾಮರಾಜಪೇಟೆಯಲ್ಲಿ ಓದುತ್ತಿದ್ದಾಗ ಹೋಟೆಲಿನ ಮಾಣಿ “ಮಾಮೂಲಾ ಸಾರ್?” ಎಂದರೆ ಇಡ್ಲಿ, ಕಾಫಿ ಎಂದಷ್ಟೇ ಅರ್ಥ.

ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಹತ್ತಿ, ಮಾರುಕಟ್ಟೆಯಲ್ಲಿಳಿದು ನಡೆದೆ. ಬಿಸಿಲು ಇನ್ನೂ ಏರಿರಲಿಲ್ಲ. ನನ್ನ ಬಾಡಿಗೆ ಕೋಣೆಯಿದ್ದಲ್ಲಿ ಔಷಧಿ ಅಂಗಡಿ ಬಂದಿತ್ತು. ಮೂಲೆಯ ಹೊಂಗೆಮರವಾದರೂ ಅದೇ ಎಂದು ಹಿಗ್ಗಿದೆ. ಕಾಂಡದ ಗಾತ್ರ ನೋಡಿದರೆ ಅಷ್ಟು ವಯಸ್ಸಾದದ್ದಲ್ಲ. ಹುರಿದ ಕಾಫಿಬೀಜದ ವಾಸನೆ ಮಾತ್ರ ಬದಲಾಗಿರಲಿಲ್ಲ.

ಶೈಲಜಾ ರುದ್ರಪ್ಪನವರ ಅಂಗಡಿಯ ಮುಂದೆಯೇ ಕಾಯುತ್ತಿದ್ದರು. ಒಳಗೆ ಹೋಗಿ, ಫೋನಿನಲ್ಲಿ ಧ್ವನಿಮುದ್ರಣ ಶುರುಮಾಡಿ, ನೇರವಾಗಿ ಕೇಳಿದರು: “ಯಜಮಾನ್ರೇ, ಮಾಮೂಲು ಅಂದ್ರಲ್ಲ, ಏನು ಕೊಡ್ತಿದ್ರಿ?”

“ಕಾಫಿ ಕಣಮ್ಮ! ಇನ್ನೇನು ಕಾಸಿನ ಸರ ಕೊಡ್ತಾರಾ?” ರುದ್ರಪ್ಪ ನಕ್ಕರು. “ಹಿಂದೇನೇ ಮನೆ. ನಮ್ಮಮ್ಮ ಒಂದು ಲೋಟ ಜಾಸ್ತಿ ಮಾಡೋರು.”

“ಯಾವ ಇಸವಿ?” ಎಂದೆ.

“ಇಸವಿ ಎಲ್ಲಿಂದ ತರ್ಲಿ ಸಾರ್? ನನ್ನ ಮದುವೆ ಆದ್ಮೇಲೆ, ಅಮ್ಮ ಹೋಗೋಕ್ಮುಂಚೆ.”

ಎರಡೂ ವರ್ಷಗಳನ್ನು ಗಲ್ಲಾದಲ್ಲಿದ್ದ ಅವರ ಮಗನಿಂದ ಕೇಳಿ ತಿಳಿದು, ಅಧ್ಯಾಯದಲ್ಲಿದ್ದ ಶೈಲಜಾರ ತಂದೆಯ ಸೇವಾವಧಿಯೊಡನೆ ತಾಳೆ ನೋಡಿದೆ. ಹೊಂದಿತು.

ಶೈಲಜಾ ಬಿಡಲಿಲ್ಲ. “ಭಯಕ್ಕೆ ಕೊಡ್ತಿದ್ರಾ?”

ರುದ್ರಪ್ಪ ತಕ್ಕಡಿ ಒರೆಸುತ್ತಾ ಯೋಚಿಸಿದರು. “ಸುಳ್ಯಾಕೆ, ಕೆಲವ್ರಿಗೆ ಭಯಕ್ಕೂ ಕೊಟ್ಟಿದೀವಿ. ಆದ್ರೆ ಒಬ್ರಿದ್ರು, ಉದ್ದಕ್ಕೆ, ಎಡಗಿವಿ ಮಂದ. ಜೋರಾಗಿ ಕೂಗ್ಬೇಕಿತ್ತು. ಅವ್ರನ್ನ ಅಮ್ಮಾನೇ ಕರೆದು ಕೂರಿಸೋರು.”

ತಂದೆಯ ಎಡಗಿವಿಯ ವಿಷಯವನ್ನು ಶೈಲಜಾ ಒಮ್ಮೆ ನನಗೆ ಹೇಳಿದ್ದರು. ಈಗ ಅವರು ನನ್ನ ಕೈಯಿಂದ ಅಧ್ಯಾಯ ತೆಗೆದುಕೊಂಡು ‘ಲಂಚ’ವನ್ನು ಹೊಡೆದುಹಾಕಿ, “ಕೆಲವರಿಗೆ ಭಯದಿಂದ, ಕೆಲವರಿಗೆ ವಿಶ್ವಾಸದಿಂದ ಕೊಟ್ಟ ಕಾಫಿ” ಎಂದು ಬರೆದರು. ಆಮೇಲೆ ಧ್ವನಿಮುದ್ರಣ ನಿಲ್ಲಿಸಿ ಸ್ಟೂಲು ಎಳೆದುಕೊಂಡರು.

“ಆ ಉದ್ದದವ್ರಿಗೆ ಸಕ್ಕರೆ ಎಷ್ಟು ಹಾಕ್ತಿದ್ರು, ಯಜಮಾನ್ರೇ?”

ನನಗೆ ರೈಲಿಗೆ ಹೊತ್ತಾಗಿತ್ತು. ಬೀದಿಯ ತಿರುವಿನಲ್ಲಿ ಹಿಂದಿರುಗಿ ನೋಡಿದೆ. ರುದ್ರಪ್ಪ ಎರಡೂ ಕೈಯಾಡಿಸಿ ಏನನ್ನೋ ವರ್ಣಿಸುತ್ತಿದ್ದರು. ಶೈಲಜಾ ಏನನ್ನೂ ಬರೆದುಕೊಳ್ಳುತ್ತಿರಲಿಲ್ಲ.