ಒಲೆಯಿಲ್ಲದವಳಿಗೆ ಕೊಟ್ಟ ಹಿಟ್ಟು

ಬೀಳಗಿಯ ನಮ್ಮ ಮನೆಗೆ ಬಂದವರನ್ನು ನಾವು ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಅಪ್ಪ ಆಗಾಗ ಚರ್ಚಿನಲ್ಲಿ ಪ್ರಸಂಗ ಮಾಡುತ್ತಿದ್ದರು. ಗುರುತಿಲ್ಲದವರ ರೂಪದಲ್ಲಿ ಕ್ರಿಸ್ತನೇ ಬಾಗಿಲಿಗೆ ಬರಬಹುದು ಎಂಬುದು ಅವರು ಮತ್ತೆ ಮತ್ತೆ ಹೇಳುತ್ತಿದ್ದ ಮಾತು. ಅವ್ವ ಅದನ್ನು ನಂಬಿದ್ದಳು, ನಂಬಿದಂತೆ ನಡೆಯುತ್ತಲೂ ಇದ್ದಳು.

ಆದರೆ ಬೇರೆ ಜಾತಿಯವರಿಗೆ ನಾವು ಬೇಯಿಸಿದ್ದನ್ನು ಕೊಡುತ್ತಿರಲಿಲ್ಲ, ಶಿಧಾ ಕೊಡುತ್ತಿದ್ದೆವು. ಒಂದು ಮೊರದಲ್ಲಿ ಜೋಳದ ಹಿಟ್ಟು, ಬೇಳೆ, ಉಪ್ಪು, ನಾಲ್ಕು ಒಣಮೆಣಸಿನಕಾಯಿ. ಒಯ್ದು ತಮ್ಮ ಒಲೆಯ ಮೇಲೆ ಬೇಯಿಸಿಕೊಳ್ಳಲಿ ಎಂದು. ಬಹಳ ಹಿಂದೆ ನನ್ನಜ್ಜಿ ಕೊಟ್ಟ ರೊಟ್ಟಿಯನ್ನು, ಕ್ರೈಸ್ತರ ಮನೆಯದೆಂದು, ಯಾರೋ ಓಣಿಯ ತಿರುವಿನಲ್ಲಿ ನಾಯಿಗೆ ಹಾಕಿ ಹೋಗಿದ್ದರಂತೆ. ಅಜ್ಜಿ ಅದನ್ನು ಕಣ್ಣಾರೆ ನೋಡಿದ್ದಳು. ಅಂದಿನಿಂದ ನಮ್ಮಲ್ಲಿ ಈ ರೂಢಿ. ಅವರಿಗೂ ಮುಜುಗರವಿಲ್ಲ, ನಮಗೂ ಅವಮಾನವಿಲ್ಲ. ಇದನ್ನೇ ನಾವು ಮರ್ಯಾದೆ ಎಂದುಕೊಂಡಿದ್ದೆವು.

ಅಣೆಕಟ್ಟಿನ ಹಿನ್ನೀರು ಏರಿ ಹೊಳೆದಂಡೆಯ ಊರುಗಳು ಮುಳುಗುತ್ತಿದ್ದ ವರ್ಷ ಅದು. ನಾನಾಗ ಕಾಲೇಜು ಮುಗಿಸಿ ಮನೆಯಲ್ಲಿದ್ದೆ. ಒಂದು ರವಿವಾರ, ಅಪ್ಪ, ಅವ್ವ, ನಾನು ಮೂವರೂ ಚರ್ಚಿನಿಂದ ಬಂದು ಊಟ ಮುಗಿಸಿದ ಹೊತ್ತಿಗೆ, ಕಂಬಳಿ ಮಾರುವ ಮುದುಕಿ ಬಂದಳು. ಅನಗವಾಡಿ ಕಡೆಯ ಹೊಳೆದಂಡೆಯವಳು, ಕುರಿ ಕಾಯುವ ಮನೆತನದವಳು. ವರ್ಷಕ್ಕೊಮ್ಮೆ ತಪ್ಪದೆ ಬರುತ್ತಿದ್ದಳು. ಈ ಸಲ ತಲೆಯ ಮೇಲೆ ಗಂಟು ಇರಲಿಲ್ಲ.

“ಯಾಕಬೇ ಆಯಿ, ಕಂಬಳಿ ತಂದಿಲ್ಲಲಾ?” ಎಂದು ಅವ್ವ ಕೇಳಿದಳು.

“ಎಲ್ಲೀ ಕಂಬಳಿ? ಮನಿ ಬಿಚ್ಚಾಕತ್ತಾರ ಯವ್ವಾ. ತೊಲಿ, ಬಾಗಲಾ ಎಲ್ಲಾ ಟ್ರ್ಯಾಕ್ಟರಿಗೆ ಹೇರ್ಯಾರ. ನನ್ನ ಒಬ್ಬಾಕಿನ್ನ ಹೇರೂದು ಮರತಾರ ನೋಡು!”

ಅವಳು ನಕ್ಕಳು, ನಾವೂ ನಕ್ಕೆವು. ಹೊಸ ಊರಿನಲ್ಲಿ ಸರಕಾರ ಹಾಕಿಕೊಟ್ಟ ಶೆಡ್ಡಿಗೆ ನಡೆದುಕೊಂಡೇ ಹೊರಟಿದ್ದೇನೆ ಎಂದಳು. ಅವ್ವ ಒಳಗೆ ಹೋಗಿ ಮೊರ ತುಂಬಿ ತಂದಳು. ಪ್ರತಿ ಸಲಕ್ಕಿಂತ ಒಂದು ಬೊಗಸೆ ಹಿಟ್ಟು ಹೆಚ್ಚೇ ಇತ್ತು. ಮುದುಕಿ ಒಂದು ಕ್ಷಣ ಮೊರವನ್ನು ನೋಡಿದಳು. ಆಮೇಲೆ ಸೆರಗು ಒಡ್ಡಿದಳು. “ಛಲೋ ಆತು ಯವ್ವಾ” ಎಂದು ಹೇಳಿ ಹೋದಳು.

ಅರ್ಧ ಗಂಟೆಯ ನಂತರ ನಾನು ಮುಸುರೆ ಚೆಲ್ಲಲು ಹೊರಗೆ ಹೋದೆ. ಕಂಪೌಂಡಿನ ಆಚೆ ಬೇವಿನ ಮರದ ಕೆಳಗೆ ಅವಳು ನನಗೆ ಬೆನ್ನು ಮಾಡಿ ಕೂತಿದ್ದಳು. ಹತ್ತಿರ ಹೋದೆ. ಸೆರಗಿನ ತುದಿಯಲ್ಲಿದ್ದ ಹಿಟ್ಟಿಗೆ ಓಣಿಯ ನಲ್ಲಿಯ ನೀರು ಚಿಮುಕಿಸಿ, ಉಂಡೆ ಹಿಸುಕಿ, ಹಸಿಯಾಗಿಯೇ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಗಲ್ಲದ ತುಂಬ ಬಿಳಿ ಹಿಟ್ಟು.

“ಆಯಿ, ಏನ ಮಾಡಾಕತ್ತೀರಿ?”

“ಉಣ್ಣಾಕತ್ತೇನಿ.” ಹಿಟ್ಟು ಗಂಟಲಿಗೆ ಹತ್ತಿ ಕೆಮ್ಮಿದಳು. “ನಿನ್ನೆ ಮುಂಜಾನೆ ಒಲಿ ಒಡದ್ರು. ಅವಾಗಿಂದ ಹೊಟ್ಟಿಗೆ ಏನಿಲ್ಲ.”

ಮನೆ ಬಿಚ್ಚುತ್ತಿದ್ದಾರೆ ಎಂದು ಅವಳು ನಮ್ಮ ಬಾಗಿಲಲ್ಲಿ ನಿಂತೇ ಹೇಳಿದ್ದಳು. ಆ ಮನೆಯೊಳಗೆ ಒಂದು ಒಲೆ ಇತ್ತು ಎಂಬುದು ನಮ್ಮ ಮೂವರಲ್ಲಿ ಯಾರಿಗೂ ಹೊಳೆದಿರಲಿಲ್ಲ. ನನ್ನ ಕೈಯಲ್ಲಿದ್ದ ಮುಸುರೆಯ ಬೋಗುಣಿಯಲ್ಲಿ ನಾವು ಬಿಟ್ಟ ರೊಟ್ಟಿಯ ಚೂರುಗಳು ತೇಲುತ್ತಿದ್ದವು.

ನಾನು ಕೂಗಿದ್ದಕ್ಕೆ ಅವ್ವ ಓಡಿ ಬಂದಳು, ಹಿಂದೆ ಅಪ್ಪ. ಅವ್ವನಿಗೆ ಮೊದಲು ಸಿಟ್ಟೇ ಬಂತು. “ರೊಟ್ಟಿ ಬೇಕಂತ ಒಂದ ಮಾತ ಹೇಳಬಾರದೇನಬೇ?”

ಮುದುಕಿ ಗಲ್ಲ ಒರೆಸಿಕೊಂಡಳು. “ಇಷ್ಟ ವರ್ಷ ಬಂದ್ನಿ, ಒಂದ ದಿನ ಕೊಟ್ಟೀಯೇನ? ಕಿರಿಸ್ತಾನರು ತಮ್ಮ ಒಲಿಮ್ಯಾಗಿಂದು ಮಂದಿಗೆ ಕೊಡಂಗಿಲ್ಲ, ಅವರ ದೇವರ ನೇಮ ಹಂಗ ಐತಿ ಅಂತ ತಿಳದಿದ್ನಿ. ನೇಮ ಮುರೀರಿ ಅಂತ ಹೆಂಗ ಕೇಳ್ಲಿ?”

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ಅಪ್ಪ ಮರದ ಬೊಡ್ಡೆಗೆ ಕೈಯೂರಿ ನಿಂತರು.

ಅವ್ವ ಮುದುಕಿಯ ಹಿಟ್ಟು ಮೆತ್ತಿದ ಕೈಯನ್ನೇ ಹಿಡಿದು ಅಡುಗೆಮನೆಗೆ ಕರೆದೊಯ್ದಳು. ಬುಟ್ಟಿಯಲ್ಲಿ ಐದು ರೊಟ್ಟಿ ಉಳಿದಿದ್ದವು, ಬದನೆಕಾಯಿ ಪಲ್ಯ ಇತ್ತು. ತಾಟು ಇಟ್ಟು ಅವ್ವ ಗೋಡೆಗೆ ಒರಗಿ ನಿಂತಳು. ಮುದುಕಿ ಉಣ್ಣಲಿಲ್ಲ.

“ನಾ ಒಬ್ಬಾಕೀನ ಉಣ್ಣಲೇನ? ನಾಯಿಗೆ ಹಾಕಿದಂಗ ನಿಂತೀಯಲ್ಲ, ಕುಂಡ್ರಬೇ.”

ಅವ್ವನ ಊಟ ಆಗಿತ್ತು. ಆದರೂ ಕೂತಳು. ಮುದುಕಿ ರೊಟ್ಟಿ ಮುರಿದು ಅರ್ಧ ಅವಳ ಕೈಗಿಟ್ಟಳು, ಉಳಿದರ್ಧವನ್ನು ಗಬಗಬನೆ ತಿನ್ನತೊಡಗಿದಳು. ಅವಳು ಮೂರನೆಯ ರೊಟ್ಟಿಗೆ ಕೈಹಾಕಿದಾಗಲೂ ಅವ್ವ ಮೊದಲ ತುತ್ತನ್ನು ಅಗಿಯುತ್ತಲೇ ಇದ್ದಳು.